ಚೆಂಡಿಗೆ ಹೊಲಿಗೆ, ತಂಡಕ್ಕೆ ಉದ್ರಿ: ದಾವಣಗೆರೆಯ ಒಂದು ಕ್ರೀಡಾ ಸಾಮಗ್ರಿ ಅಂಗಡಿ

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಮಂಡಿಪೇಟೆಯ ಕಡೆಗೆ ಹೊರಳುವ ಓಣಿಯೊಂದರಲ್ಲಿ, ಪಾತ್ರೆ ಅಂಗಡಿಗೂ ಹಗ್ಗ-ನೂಲಿನ ಅಂಗಡಿಗೂ ನಡುವೆ, ಹತ್ತು ಅಡಿ ಅಗಲದ ಒಂದು ಕ್ರೀಡಾ ಸಾಮಗ್ರಿ ಅಂಗಡಿ ಇದೆ. ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿರುವ ನಾನು ಹನ್ನೊಂದು ವರ್ಷಗಳಿಂದ ಈ ಅಂಗಡಿಯ ಗಿರಾಕಿ. ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಇಂದಿಗೂ ಮೈದಾನಕ್ಕೆ ಇಳಿಯುತ್ತಿದ್ದರೆ ಅದರಲ್ಲಿ ಈ ಅಂಗಡಿಯ ಪಾಲು ದೊಡ್ಡದು. ಉದ್ರಿ ವ್ಯವಹಾರದ ಮಾತು ಬರುವುದರಿಂದ ಹೆಸರು ಹಾಕುವುದು ಬೇಡವೆಂದು ಮಾಲೀಕರು ಕೇಳಿಕೊಂಡಿದ್ದಾರೆ. ಆದ್ದರಿಂದ ಹೆಸರಿಲ್ಲದೆಯೇ ಬರೆಯುತ್ತಿದ್ದೇನೆ. ಹೈಸ್ಕೂಲ್ ಮೈದಾನದಲ್ಲಿ ಸಂಜೆ ಆಡುವ ಹುಡುಗರನ್ನು ಕೇಳಿದರೆ "ಚೆಂಡು ಹೊಲಿಯೋ ಅಜ್ಜನ ಅಂಗಡಿ" ಎಂದು ದಾರಿ ತೋರಿಸುತ್ತಾರೆ.

ಅಂಗಡಿಯ ಗುಣದೋಷಗಳನ್ನು ಹೇಳುವ ಮೊದಲು, ಅಲ್ಲಿಗೆ ಹೋಗುವ ನಮ್ಮಂಥವರ ಕೈಯಲ್ಲಿ ಎಷ್ಟು ದುಡ್ಡು ಇರುತ್ತದೆ ಎಂಬುದನ್ನು ಹೇಳಲೇಬೇಕು. ಇಲ್ಲವಾದರೆ ಈ ಅಂಗಡಿಯ ಬೆಲೆ ಓದುವವರಿಗೆ ತಿಳಿಯುವುದಿಲ್ಲ. ನಮ್ಮ ಕಾಲೇಜಿನಲ್ಲಿ ಈ ವರ್ಷ 340 ವಿದ್ಯಾರ್ಥಿಗಳಿದ್ದಾರೆ. ಒಬ್ಬೊಬ್ಬರಿಂದ ಕ್ರೀಡೆಗೆಂದು ಪಡೆಯುವುದು 130 ರೂಪಾಯಿ, ಅಂದರೆ ಒಟ್ಟು 44,200 ರೂಪಾಯಿ. ಅದರಲ್ಲಿ ಒಂದು ಪಾಲು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಸಲ್ಲುತ್ತದೆ. ಉಳಿದುದರಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಅಥ್ಲೆಟಿಕ್ಸ್, ಚೆಸ್, ಯೋಗ ಎಲ್ಲವೂ ನಡೆಯಬೇಕು. ಫುಟ್‌ಬಾಲಿಗೆ ಬರುವುದು ಹತ್ತು ಸಾವಿರ. ಹದಿನಾರು ಹುಡುಗರನ್ನು ಎರಡು ದಿನದ ಅಂತರ ಕಾಲೇಜು ಪಂದ್ಯಾವಳಿಗೆ ಕರೆದೊಯ್ದರೆ, ತಲೆಗೆ ಹೋಗಿಬರುವ ಬಸ್ ಖರ್ಚು 160 ರೂಪಾಯಿಯಂತೆ 2,560, ದಿನಕ್ಕೆ 150 ರೂಪಾಯಿಯ ಊಟದ ಭತ್ಯೆಯಂತೆ 4,800. ಕೈಯಲ್ಲಿ ಉಳಿಯುವುದು 2,640 ರೂಪಾಯಿ. ವರ್ಷವಿಡೀ ಬೇಕಾಗುವ ಚೆಂಡು, ಬಲೆ, ಗೋಲ್‌ಕೀಪರನ ಗ್ಲೌಸ್, ಶಿನ್‌ಗಾರ್ಡ್, ಬ್ಯಾಂಡೇಜು ಎಲ್ಲವೂ ಆ 2,640ರಲ್ಲಿಯೇ ಆಗಬೇಕು. ಊಟದ ಭತ್ಯೆಯಲ್ಲಿಯೂ ಹುಡುಗರು ಮಧ್ಯಾಹ್ನ ಮಿರ್ಚಿ ಮಂಡಕ್ಕಿಯಲ್ಲಿ ಮುಗಿಸಿ, ಉಳಿಸಿದ ದುಡ್ಡಿಗೆ ಸಾಕ್ಸ್ ಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎರಡು ಪಂದ್ಯ ಆಡಬೇಕಾದ ದೇಹಕ್ಕೆ ಅದು ಊಟವಲ್ಲ ಎಂದು ಹೇಳುವುದು ನನ್ನ ಕರ್ತವ್ಯ, ಹೇಳುತ್ತೇನೆ. ಆದರೆ ಸಾಕ್ಸ್ ಕೊಡಿಸುವ ಶಕ್ತಿ ನನಗಿರುವುದಿಲ್ಲ.

ಮೊತ್ತ ಚಿಕ್ಕದು ಎಂಬುದಕ್ಕಿಂತಲೂ ದೊಡ್ಡ ತೊಂದರೆ, ಅದು ಕೈಗೆ ಬರುವ ಕಾಲದ್ದು. ಪ್ರವೇಶಗಳು ಮುಗಿದು, ಶುಲ್ಕ ಜಮೆಯಾಗಿ, ಕ್ರೀಡಾ ಸಮಿತಿ ಸಭೆ ಸೇರಿ, ಖರೀದಿಗೆ ಒಪ್ಪಿಗೆಯಾಗಿ, ಬಿಲ್ಲು ಲೆಕ್ಕಪತ್ರ ವಿಭಾಗವನ್ನು ದಾಟಿ ಚೆಕ್ಕಾಗಿ ಹೊರಬರುವಷ್ಟರಲ್ಲಿ ನಮ್ಮಲ್ಲಿ ಫೆಬ್ರವರಿ ಬಂದಿರುತ್ತದೆ. ಪಂದ್ಯಾವಳಿ ಮುಗಿದು ಆಗ ತಿಂಗಳುಗಳೇ ಕಳೆದಿರುತ್ತವೆ. ಚೆಂಡು ಬೇಕಾಗಿರುವುದು ಆಗಸ್ಟ್‌ನಲ್ಲಿ, ದುಡ್ಡು ಬರುವುದು ಫೆಬ್ರವರಿಯಲ್ಲಿ. ಈ ಆರು ತಿಂಗಳ ಅಂತರವನ್ನು ತುಂಬುವವರು ಯಾರು ಎಂಬುದೇ ಸಣ್ಣ ಕಾಲೇಜಿನ ತಂಡದ ಅಳಿವು ಉಳಿವಿನ ಪ್ರಶ್ನೆ. ನಮ್ಮ ಪಾಲಿಗೆ ಅದನ್ನು ತುಂಬುತ್ತಿರುವುದು ಈ ಅಂಗಡಿಯ ಖಾತೆ ಪುಸ್ತಕ.

ಆ ಪುಸ್ತಕ ಕೆಂಪು ಬಟ್ಟೆಯ ರಟ್ಟಿನದು. ದಾವಣಗೆರೆ, ಹರಿಹರ, ಹೊಳಲ್ಕೆರೆ, ಚಳ್ಳಕೆರೆ, ಹೊಸದುರ್ಗ ಎಂದು ಊರಿಗೊಂದು ಭಾಗ ಮಾಡಿ, ಕಾಲೇಜಿಗೊಂದು ಪುಟ ಇಟ್ಟಿದ್ದಾರೆ. ಸಾಮಾನು ಒಯ್ದ ದಿನ ನಾನು ಸಹಿ ಹಾಕುತ್ತೇನೆ, ಹಣ ಕೊಟ್ಟ ದಿನ ಅವರು ಅಡ್ಡಗೆರೆ ಎಳೆಯುತ್ತಾರೆ. ಬಡ್ಡಿಯಿಲ್ಲ. ಷರತ್ತು ಎರಡೇ: ಮಾರ್ಚ್ 31ರೊಳಗೆ ಹಳೆಯ ಬಾಕಿ ತೀರಬೇಕು, ಮತ್ತು ಬಾಕಿ ಇರುವವರು ಬೇರೆ ಅಂಗಡಿಯಲ್ಲಿ ನಗದು ಕೊಟ್ಟು ಖರೀದಿ ಮಾಡಬಾರದು. ಎರಡನೆಯ ಷರತ್ತನ್ನು ನಾನು ಒಮ್ಮೆ ಮುರಿದಿದ್ದೇನೆ. ಆ ಕಥೆ ಮುಂದೆ ಬರುತ್ತದೆ. ಕೊರೊನಾ ಬಂದ 2020ರಲ್ಲಿ ಕಾಲೇಜುಗಳೆಲ್ಲ ಬಾಗಿಲು ಹಾಕಿದಾಗ ನಮ್ಮ ಪುಟದಲ್ಲಿ 6,850 ರೂಪಾಯಿ ನಿಂತುಹೋಗಿತ್ತು. ಅದನ್ನು ತೀರಿಸಿದ್ದು 2021ರ ಕೊನೆಯಲ್ಲಿ. ಅಷ್ಟು ದಿನಗಳಲ್ಲಿ ಮಾಲೀಕರು ನನಗೆ ಫೋನು ಮಾಡಿದ್ದು ಒಂದೇ ಸಲ, ಅದೂ ಮನೆಯವರೆಲ್ಲ ಕ್ಷೇಮವೇ ಎಂದು ಕೇಳಲು.

ಇನ್ನು ಅಜ್ಜನ ಕೆಲಸ. ಅಂಗಡಿಯ ಹಿಂಬದಿಯಲ್ಲಿ, ಬೆಳಕು ಬೀಳುವ ಕಿಟಕಿಯ ಕೆಳಗೆ, ಮಣೆಯ ಮೇಲೆ ಕೂತು ಅವರು ಚೆಂಡು ಹೊಲಿಯುತ್ತಾರೆ. ಮಾಲೀಕರಿಗೆ ಅವರು ದೂರದ ಸಂಬಂಧಿ, ಎಪ್ಪತ್ತು ದಾಟಿದೆ. ನಮ್ಮ ಕಡೆಯ ಮೈದಾನಗಳಲ್ಲಿ ಚೆಂಡಿಗೆ ದೊಡ್ಡ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಮೈದಾನದ ಅಂಚಿನಲ್ಲಿ ಎಷ್ಟು ಕಡಿದರೂ ಮತ್ತೆ ಚಿಗುರುವ ಆ ಗಿಡದ ಒಣಗಿದ ಮುಳ್ಳು ಹೊದಿಕೆಯನ್ನು ದಾಟಿ ಒಳಗಿನ ಗಾಳಿಚೀಲವಾದ ಬ್ಲ್ಯಾಡರ್‌ಗೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ರಾತ್ರಿ ಗಾಳಿ ತುಂಬಿಟ್ಟ ಚೆಂಡು ಬೆಳಿಗ್ಗೆ ಮೆತ್ತಗಾಗಿರುತ್ತದೆ. ಅಜ್ಜ ಅದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ. ಆ ಬಳಿಕ ವಾಲ್ವ್ ಇರುವ ತುಂಡಿನ ಮೂರು ನಾಲ್ಕು ಬದಿಗಳ ನೂಲನ್ನು ಮಾತ್ರ ಕತ್ತರಿಸಿ ಬಾಯಿ ತೆರೆದು, ಬ್ಲ್ಯಾಡರನ್ನು ಹೊರಗೆಳೆದು, ಮೊದಲು ಬೆರಳಿನಿಂದ ಹೊದಿಕೆಯ ಒಳಮೈಯನ್ನು ತಡವುತ್ತಾರೆ. ಮುಳ್ಳಿನ ತುದಿ ಅಲ್ಲಿಯೇ ಉಳಿದಿದ್ದರೆ ಹೊಸ ಬ್ಲ್ಯಾಡರ್ ಹಾಕಿದರೂ ವಾರದಲ್ಲಿ ಮತ್ತೆ ಚುಚ್ಚುತ್ತದೆ. ಒಮ್ಮೆ ನನ್ನ ಅಂಗೈ ಮೇಲೆ ಅಂಥ ಮೂರು ಮುಳ್ಳುಗಳನ್ನು ಇಟ್ಟು, "ಮೇಡಂನೋರೆ, ಚೆಂಡು ಕೊಳ್ಳೋ ಮೊದಲು ಒಂದು ಕುಡುಗೋಲು ಕೊಳ್ರಿ" ಎಂದರು. ಅಂದಿನಿಂದ ಪ್ರತಿ ಜೂನ್ ತಿಂಗಳಲ್ಲಿ ಎನ್‌ಎಸ್‌ಎಸ್ ಶಿಬಿರದ ಹುಡುಗರ ಜೊತೆ ಮೈದಾನದ ಸುತ್ತ ಜಾಲಿ ಕಡಿಸುತ್ತಿದ್ದೇನೆ. ಪಂಕ್ಚರ್ ನಿಜವಾಗಿಯೂ ಕಡಿಮೆಯಾಗಿದೆ.

ಹಳೆಯ ಬಗೆಯ ಹೊಲಿಗೆಯ ಚೆಂಡಿನಲ್ಲಿ 32 ತುಂಡುಗಳಿರುತ್ತವೆ: ಐದು ಬದಿಯವು 12, ಆರು ಬದಿಯವು 20. ಬದಿಗೆ ಬದಿ ಸೇರುವ ಹೊಲಿಗೆಯ ಸಾಲುಗಳು ಒಟ್ಟು 90. ಯಾವ ಸಾಲು ಸಡಿಲವಾಗಿದೆ ಎಂಬುದನ್ನು ಅಜ್ಜ ಚೆಂಡನ್ನು ಮಡಿಲಲ್ಲಿ ತಿರುಗಿಸುತ್ತ ಹೆಬ್ಬೆರಳಿನಲ್ಲಿಯೇ ಕಂಡುಹಿಡಿಯುತ್ತಾರೆ. ಮೇಣ ಸವರಿದ ಗಟ್ಟಿ ನೂಲಿನ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ದಬ್ಬಣದಿಂದ ಹಳೆಯ ತೂತುಗಳನ್ನೇ ಬಿಡಿಸಿಕೊಂಡು, ಎರಡೂ ಕಡೆಯಿಂದ ಎಳೆದು ಬಿಗಿಯುತ್ತಾರೆ. ಹೊಸ ತೂತು ಮಾಡಿದರೆ ತುಂಡು ಹರಿಯುತ್ತದೆ ಎಂಬುದು ಅವರ ಮಾತು. ಕೊನೆಯ ಗಂಟು ಒಳಕ್ಕೆ ಸೇರಿ ಕಾಣದಂತಾಗುತ್ತದೆ. ಅರ್ಧ ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು, ಮರುದಿನ ಪೂರ್ತಿ ತುಂಬಿ ತೂಕಕ್ಕೆ ಇಟ್ಟ ನಂತರವೇ ಚೆಂಡನ್ನು ಕೊಡುತ್ತಾರೆ. ಬ್ಲ್ಯಾಡರ್ ಸೇರಿ 180 ರೂಪಾಯಿ. ಬರೀ ಹೊಲಿಗೆಯಾದರೆ ಸಾಲಿಗೆ 20 ರೂಪಾಯಿ. ಈ ದರದಲ್ಲಿ ಈ ಕೆಲಸವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ, ಮತ್ತು ಈ ದರ ಅವರ ಕೈಗೆ ನ್ಯಾಯವಾದುದೆಂದು ನನಗೆ ಅನಿಸಿಲ್ಲ. ಎರಡು ವರ್ಷದ ಹಿಂದೆ 250 ಮಾಡಿ ಎಂದು ನಾನೇ ಹೇಳಿದೆ. "ಅಷ್ಟಾದ್ರ ನಿಮ್ಮ ಹುಡುಗ್ರು ಹರಕ ಚೆಂಡನ್ನ ಆಡ್ತಾರ, ನನ್ನ ಹತ್ರ ತರಲ್ಲ" ಎಂದು ಒಪ್ಪಲಿಲ್ಲ.

ಕೌಂಟರಿನ ಮೇಲೆ ಒಂದು ತಕ್ಕಡಿ, ಒಂದು ಟೇಪು, ಒಂದು ಗಾಳಿಯ ಗೇಜು ಸದಾ ಇರುತ್ತವೆ. ನಿಯಮದ ಪ್ರಕಾರ 5ನೇ ನಂಬರಿನ ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ ಇರಬೇಕು. ಹೊಸ ಚೆಂಡನ್ನು ಮಾರುವಾಗಲೂ ಮಾಲೀಕರು ಗಿರಾಕಿಯ ಎದುರೇ ಅಳೆದು, ತೂಗಿ, ಆ ಮೇಲೆ ಬಿಲ್ಲು ಬರೆಯುತ್ತಾರೆ. ಇದರ ಬೆಲೆ ನನಗೆ ತಿಳಿದದ್ದು 2018ರಲ್ಲಿ. ಕಾಲೇಜಿನ ಖರೀದಿಗೆ ಮೂರು ಕೊಟೇಶನ್ ತರಿಸಿ ಅತಿ ಕಡಿಮೆ ದರದವರಿಗೆ ಆದೇಶ ಕೊಡಬೇಕು ಎಂಬ ಕ್ರಮವಿದೆ. ಆ ವರ್ಷ ಬೇರೆ ಊರಿನ ಸರಬರಾಜುದಾರರೊಬ್ಬರು ಚೆಂಡಿಗೆ 310 ರೂಪಾಯಿ ಬರೆದರು. ಇಲ್ಲಿಯ ದರ 620 ಇತ್ತು. ಸಮಿತಿಯ ಮುಂದೆ ನಾನು ಏನು ಹೇಳಲೂ ಆಗಲಿಲ್ಲ. ಇಲ್ಲಿ ಬಾಕಿ ಇಟ್ಟುಕೊಂಡೇ ಅಲ್ಲಿ ನಗದು ಕೊಟ್ಟು ಐದು ಚೆಂಡು ತಂದೆವು. ಮೇಲೆ 5 ಎಂದು ಅಚ್ಚಾಗಿತ್ತು. ಟೇಪು ಹಿಡಿದರೆ 66 ಸೆಂ.ಮೀ. ಕೂಡ ಇರಲಿಲ್ಲ. ಎರಡು ಚೆಂಡು ಮೊದಲ ವಾರದಲ್ಲಿಯೇ ಮೊಟ್ಟೆಯ ಆಕಾರಕ್ಕೆ ತಿರುಗಿದವು. ಅಂಥ ಚೆಂಡಿನಲ್ಲಿ ಎರಡು ತಿಂಗಳು ಅಭ್ಯಾಸ ಮಾಡಿದ ನಮ್ಮ ಹುಡುಗರು ಪಂದ್ಯಾವಳಿಯ ಸರಿಯಾದ ಚೆಂಡನ್ನು ಮೊದಲ ಹತ್ತು ನಿಮಿಷ ಅಂದಾಜು ಮಾಡಲಾರದೆ ಎರಡು ಗೋಲು ಬಿಟ್ಟರು. 1,550 ರೂಪಾಯಿ ಹೋಯಿತು, ಪಂದ್ಯವೂ ಹೋಯಿತು. ಅಪರಾಧಿಯಂತೆ ಮತ್ತೆ ಇದೇ ಅಂಗಡಿಗೆ ಬಂದೆ. ಮಾಲೀಕರು ಷರತ್ತಿನ ಮಾತನ್ನೇ ಎತ್ತಲಿಲ್ಲ. ಮುಂದಿನ ಸಲ ಕೊಟೇಶನ್ ಕೇಳುವಾಗ ಸುತ್ತಳತೆ, ತೂಕ, ಹೊಲಿಗೆಯ ಬಗೆ, ಬ್ಲ್ಯಾಡರಿನ ಬಗೆ ನಾಲ್ಕನ್ನೂ ಬರೆದು ಕೇಳಿ ಎಂದು ತಾವೇ ಒಂದು ಕಾಗದದಲ್ಲಿ ಬರೆದುಕೊಟ್ಟರು. ಆ ಕಾಗದವನ್ನೇ ಇಂದಿಗೂ ಬಳಸುತ್ತಿದ್ದೇನೆ. ಕ್ರಮವನ್ನು ಮೀರಬೇಕಾದ ಅಗತ್ಯವೇ ಇಲ್ಲ. ಕೇಳುವುದನ್ನು ಸರಿಯಾಗಿ ಕೇಳಿದರೆ ಕಡಿಮೆ ದರದಲ್ಲಿಯೂ ಸರಿಯಾದ ಚೆಂಡೇ ಬರುತ್ತದೆ.

ಯಾವ ಚೆಂಡು ಕೊಳ್ಳಬೇಕು ಎಂಬುದರಲ್ಲಿಯೂ ಅವರ ಸಲಹೆ ನಂಬಬಹುದಾದದ್ದು. ಗರಸು ಹಾಕಿದ ಗಟ್ಟಿ ನೆಲದಲ್ಲಿ ದಿನನಿತ್ಯದ ಅಭ್ಯಾಸಕ್ಕೆ ಅಚ್ಚಿನಲ್ಲಿ ಒತ್ತಿದ ರಬ್ಬರ್ ಚೆಂಡು ಸಾಕು; ಅದರ ಮೈ ಬೇಗ ಸವೆಯುವುದಿಲ್ಲ. ಆದರೆ ಅದರ ಬಾಯಿ ತೆರೆಯಲು ಬರುವುದಿಲ್ಲ, ಆದ್ದರಿಂದ ಒಳಗಿನ ಬ್ಲ್ಯಾಡರ್ ಹೋದರೆ ಚೆಂಡೇ ಹೋದಂತೆ. ಹೊಲಿಗೆಯ ಚೆಂಡನ್ನು ಹುಲ್ಲಿನ ಮೈದಾನಕ್ಕೂ ಪಂದ್ಯಕ್ಕೆ ಮುಂಚಿನ ಎರಡು ವಾರಕ್ಕೂ ಕಾದಿಡಬೇಕು. ಲೇಟೆಕ್ಸ್ ಬ್ಲ್ಯಾಡರ್ ಚೆನ್ನಾಗಿ ಪುಟಿಯುತ್ತದೆ, ಆದರೆ ಗಾಳಿಯನ್ನು ಬೇಗ ಬಿಡುತ್ತದೆ. ಬ್ಯುಟೈಲ್ ಬ್ಲ್ಯಾಡರ್ ಹೆಚ್ಚು ದಿನ ಗಾಳಿ ಹಿಡಿದಿರುತ್ತದೆ. ಪಂಪು ಹೊಡೆಯಲು ಆಳಿಲ್ಲದ ಕಾಲೇಜಿಗೆ ಬ್ಯುಟೈಲ್ ಒಳ್ಳೆಯದು. ನಾನು ಐದು ದುಬಾರಿ ಚೆಂಡು ಕೇಳಲು ಹೋದ ದಿನ, ಮೂರು ರಬ್ಬರಿನವು, ಎರಡು ಹೊಲಿಗೆಯವು ಸಾಕು ಎಂದು ಹೇಳಿ ತಮ್ಮ ವ್ಯಾಪಾರವನ್ನೇ ಸುಮಾರು 1,500 ರೂಪಾಯಿಯಷ್ಟು ಇಳಿಸಿಕೊಂಡವರು ಈ ಮಾಲೀಕರು. ಈಗ ಒಳ್ಳೆಯ ಹೊಲಿಗೆಯ ಚೆಂಡಿಗೆ ಇಲ್ಲಿ 950 ರೂಪಾಯಿ. ಅಜ್ಜನ ಕೈಯಲ್ಲಿ ಎರಡು ಸಲ ದುರಸ್ತಿಯಾದರೆ 1,310 ಆಗುತ್ತದೆ, ಮತ್ತು ನಮ್ಮಲ್ಲಿ ಅಂಥ ಚೆಂಡು ಮೂರು ಋತು ಬಾಳಿದೆ. 2025ರ ಸೆಪ್ಟೆಂಬರ್ 22ರಿಂದ ಕ್ರೀಡಾ ಸಾಮಗ್ರಿಯ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಾಗ, ಹಳೆಯ ದಾಸ್ತಾನಿನ ಚೆಂಡುಗಳಿಗೂ ಅದೇ ದಿನದಿಂದ ಬೆಲೆ ಇಳಿಸಿದರು. ಸಣ್ಣ ಮೊತ್ತ, ಆದರೆ 2,640 ರೂಪಾಯಿಯ ಲೆಕ್ಕದಲ್ಲಿ ಅದು ಒಂದು ಜೊತೆ ಸಾಕ್ಸ್.

ಕಳೆದ ವರ್ಷ ಅಂಗಡಿಯಲ್ಲಿ ನಡೆದ ಒಂದು ಮಾತುಕತೆಯನ್ನು ಇಲ್ಲಿ ಬರೆಯಬೇಕು. ನನ್ನ ತಂಗಿಯ ಮಗ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಓದಿದವನು. ಬರುವಾಗ ಅಲ್ಲಿಯ ಫುಟ್‌ಬಾಲ್ ಒಂದನ್ನು ತಂದಿದ್ದ. ಕೈಯಲ್ಲಿ ಹಿಡಿದು ಓಡುವ, ಎಸೆಯುವ, ತಲೆಗೆ ಹೆಲ್ಮೆಟ್ ತೊಟ್ಟು ಆಡುವ ಆಟದ ಚೆಂಡು. ಎರಡೂ ತುದಿ ಚೂಪಾಗಿ, ನಡುವೆ ಉಬ್ಬಿ, ಸುಲಿದ ತೆಂಗಿನಕಾಯಿಯಂತೆ ಇರುತ್ತದೆ. ಅದರ ಗಾಳಿ ಹೋಗಿತ್ತು. ಅಜ್ಜ ಅದನ್ನು ತಿರುಗಿಸಿ ನೋಡಿ, ಮೇಲಿನ ದಾರದ ಕಟ್ಟನ್ನು ಸವರಿ, "ನಾವು ಸಣ್ಣೋರಿದ್ದಾಗ ನಮ್ಮ ಚೆಂಡಿಗೂ ಹಿಂಗ ಬಾಯಿ ಇತ್ರಿ, ಲೇಸ್ ಕಟ್ಟೋದು" ಎಂದರು. ನಾಲ್ಕು ಉದ್ದನೆಯ ಚರ್ಮದ ತುಂಡುಗಳನ್ನು ಒಳಮೈ ಹೊರಗಿಟ್ಟು ಹೊಲಿದು, ಆ ಬಾಯಿಯಿಂದಲೇ ಮಗುಚಿ, ಬ್ಲ್ಯಾಡರ್ ತುಂಬಿ, ದಾರ ಬಿಗಿಯುವ ಚೆಂಡು ಅದು. ದಾರ ಬಿಚ್ಚಿದೊಡನೆ ಅಜ್ಜನಿಗೆ ಪೂರ್ತಿ ಅರ್ಥವಾಯಿತು. ಬ್ಲ್ಯಾಡರಿನ ತೂತಿಗೆ ತೇಪೆ ಹಾಕಿ ಅರ್ಧ ಗಂಟೆಯಲ್ಲಿ ಸರಿಮಾಡಿ ಕೊಟ್ಟರು.

ಅದನ್ನು ನೋಡುತ್ತ ಮಾಲೀಕರು, ಅಮೆರಿಕದ ಕಾಲೇಜು ತಂಡಗಳಿಗೆ ದುಡ್ಡಿನ ಚಿಂತೆಯೇ ಇರಲಿಕ್ಕಿಲ್ಲ ಅಲ್ಲವೇ ಎಂದು ಕೇಳಿದರು. ಹುಡುಗ ಹೇಳಿದ್ದು ನಮಗಿಬ್ಬರಿಗೂ ಹೊಸದು. ಆ ಮೇಲೆ ನಾನೂ ಓದಿ ತಿಳಿದುಕೊಂಡೆ. ಲಕ್ಷ ಜನ ಕೂರುವ ಕ್ರೀಡಾಂಗಣ ಇರುವುದು ಕೆಲವೇ ದೊಡ್ಡ ವಿಶ್ವವಿದ್ಯಾಲಯಗಳಿಗೆ. ಟಿಕೆಟ್ಟು ಮತ್ತು ಟಿವಿಯ ಹಣ ಹೋಗುವುದೂ ಬಹುಮಟ್ಟಿಗೆ ಅವುಗಳಿಗೇ. ಸಣ್ಣವು ನಮ್ಮಂತೆಯೇ ವಿದ್ಯಾರ್ಥಿಗಳ ಶುಲ್ಕ ಮತ್ತು ಸಂಸ್ಥೆಯ ಅನುದಾನದ ಮೇಲೆ ನಿಂತಿವೆ. ದುಡ್ಡಿಗಾಗಿ ಅವು ದೊಡ್ಡ ತಂಡದ ಊರಿಗೆ ಹೋಗಿ, ಹೆಚ್ಚಾಗಿ ಸೋಲುವುದಕ್ಕೆಂದೇ ಆಡಿ ಬರುತ್ತವೆ. ಅದಕ್ಕೆ ದೊಡ್ಡವರು ಮೊದಲೇ ಮಾತಾದ ಹಣ ಕೊಡುತ್ತಾರೆ. ಇಲಿನಾಯ್‌ನ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯ 2024ರ ಸೆಪ್ಟೆಂಬರ್ 7ರಂದು ನೋತ್ರ ಡೇಮ್ ಎಂಬ ಹೆಸರಾಂತ ತಂಡದ ಮೈದಾನಕ್ಕೆ ಹೀಗೆ 14 ಲಕ್ಷ ಡಾಲರಿಗೆ ಹೋಗಿ, 16–14ರಿಂದ ಗೆದ್ದೇ ಬಂದಿತು. ಇದನ್ನು ಹೇಳುವಾಗ ಹುಡುಗನ ಮುಖ ಅರಳಿತ್ತು. ಆದರೆ ಒಂದು ಗೆಲುವಿನಿಂದ ಖಾತೆ ತುಂಬುವುದಿಲ್ಲ. 2025ರ ಜೂನ್ 6ರಂದು ಅಲ್ಲಿಯ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅನುಮೋದಿಸಿದ, ಆಟಗಾರರು ಹೂಡಿದ್ದ ಮೊಕದ್ದಮೆಯ ರಾಜಿ ಒಪ್ಪಂದದಂತೆ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2025–26ಕ್ಕೆ ಅದರ ಮಿತಿ ಕಾಲೇಜೊಂದಕ್ಕೆ ಸುಮಾರು 2.05 ಕೋಟಿ ಡಾಲರ್. ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಕೊಡಬೇಕಾದ ಸುಮಾರು 280 ಕೋಟಿ ಡಾಲರಿನಲ್ಲಿ ಒಂದು ಭಾಗವನ್ನು, ಅಲ್ಲಿಯ ಕಾಲೇಜು ಕ್ರೀಡೆಯ ಮೇಲುಸ್ತುವಾರಿ ಸಂಸ್ಥೆಯಾದ ಎನ್‌ಸಿಎಎ ವರ್ಷ ವರ್ಷ ಹಂಚುವ ಹಣದಿಂದ ಕಡಿತ ಮಾಡಲಾಗುತ್ತದೆ. ಆ ಕಡಿತ ದೊಡ್ಡ ಹಣವನ್ನು ಎಂದೂ ಕಾಣದ ಸಣ್ಣ ಕಾಲೇಜುಗಳಿಗೂ ತಟ್ಟುತ್ತದೆ. ಆಟಗಾರರಿಗೆ ಅವರ ದುಡಿಮೆಯ ಪಾಲು ಸಿಗುವುದು ನ್ಯಾಯವೇ. ಭಾರ ಮಾತ್ರ ಹಗುರ ಹೆಗಲಿನವರ ಮೇಲೂ ಬಿದ್ದಿದೆ.

ಮಾಲೀಕರಿಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಅಲ್ಲಿ 2024ರ ಏಪ್ರಿಲಿನಲ್ಲಿ ಬಂದ ನಿಯಮದಂತೆ, ಓದಿನಲ್ಲಿ ಅರ್ಹತೆ ಇರುವ ಆಟಗಾರರು ಎಷ್ಟು ಸಲ ಕಾಲೇಜು ಬದಲಿಸಿದರೂ ಒಂದು ವರ್ಷ ಆಟದಿಂದ ಹೊರಗೆ ಕೂರಬೇಕಾಗಿಲ್ಲ. ಸಣ್ಣ ಕಾಲೇಜು ಎರಡು ವರ್ಷ ತಿದ್ದಿ ಬೆಳೆಸಿದ ಹುಡುಗನನ್ನು ದೊಡ್ಡ ಕಾಲೇಜು ಕರೆದುಕೊಳ್ಳುತ್ತದೆ. "ಇಲ್ಲೂ ಅದೇ ಅಲ್ಲೇನ್ರಿ" ಎಂದು ಅವರು ನನ್ನ ಕಡೆಗೆ ನೋಡಿದರು. ನಮ್ಮ ತಂಡದ ಎಡಬದಿಯ ಮುನ್ನಡೆ ಆಟಗಾರನೊಬ್ಬ, ಕುರಿ ಸಾಕುವ ಮನೆಯ ಹುಡುಗ, ಪಿಯುಸಿಯಿಂದ ನಮ್ಮ ಮೈದಾನದಲ್ಲಿಯೇ ಬೆಳೆದವನು, ಪದವಿಯ ಎರಡನೆಯ ವರ್ಷಕ್ಕೆ ಶುಲ್ಕ ಮಾಫಿ ಮತ್ತು ಉಚಿತ ಹಾಸ್ಟೆಲ್ ಕೊಡುವ ನಗರದ ಕಾಲೇಜಿಗೆ ಹೋದ. ಅವನ ಮೊದಲ ಬೂಟು ಇದೇ ಅಂಗಡಿಯದು, ಆ ಬೂಟಿನ ಬಾಕಿ ನಮ್ಮ ಪುಟದಲ್ಲಿ ಅವನು ಹೋದ ಮೇಲೂ ಎರಡು ತಿಂಗಳು ಇತ್ತು. ಅವನು ಹೋದದ್ದು ಸರಿ. ನನ್ನ ಮಗನಾಗಿದ್ದರೂ ಕಳಿಸುತ್ತಿದ್ದೆ. ಅವನ ಜಾಗದಲ್ಲಿ ಇನ್ನೊಬ್ಬನನ್ನು ತಯಾರು ಮಾಡಲು ಮೂರು ವರ್ಷ ಬೇಕಾಯಿತು.

ತಂಡವನ್ನೇ ಮುಚ್ಚುವ ಮಾತು ನಮ್ಮಲ್ಲಿಯೂ ಬಂದಿತ್ತು. ಅಮೆರಿಕದಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಶಾಖೆ 2014ರ ಡಿಸೆಂಬರಿನಲ್ಲಿ ಖರ್ಚಿನ ಕಾರಣ ಹೇಳಿ ಫುಟ್‌ಬಾಲ್ ನಿಲ್ಲಿಸಿತ್ತು. ಊರಿನವರು ಹಣ ಕೂಡಿಸಿ ಒತ್ತಾಯಿಸಿದ ಮೇಲೆ 2015ರಲ್ಲಿ ನಿರ್ಧಾರ ಬದಲಿಸಿ, 2017ರಲ್ಲಿ ಮತ್ತೆ ಆಡಿತು. ನಮ್ಮ ಸಭೆ ನಡೆದದ್ದು 2023ರ ಮಾರ್ಚ್‌ನಲ್ಲಿ. ಅದೇ ತಿಂಗಳ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು, ಹುಡುಗರು ಮೈದಾನದಲ್ಲಿ ಕುಣಿದಿದ್ದರು. ಸಭೆಯಲ್ಲಿ ಬಂದ ಪ್ರಸ್ತಾಪ, ಕಬಡ್ಡಿ ಮತ್ತು ಅಥ್ಲೆಟಿಕ್ಸ್ ಮಾತ್ರ ಇಟ್ಟುಕೊಂಡು ಫುಟ್‌ಬಾಲ್ ಬಿಡೋಣ ಎಂಬುದು. ನಾನು ಒಂದು ವಾರದ ಕಾಲಾವಕಾಶ ಕೇಳಿಕೊಂಡು ಅಂಗಡಿಗೆ ಬಂದೆ. ಮಾಲೀಕರು ಖಾತೆ ಪುಸ್ತಕ ತೆಗೆದು ಮೂರು ವರ್ಷದ ನಮ್ಮ ಖರ್ಚನ್ನು ಕೂಡಿಸಿ, ಫುಟ್‌ಬಾಲಿಗೆ ವರ್ಷಕ್ಕೆ ಸರಾಸರಿ 2,900 ರೂಪಾಯಿಯ ಸಾಮಾನು, ಹೊಲಿಗೆಯೂ ಸೇರಿ ಎಂದು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಮಾಡಿ ಕೊಟ್ಟರು. ಆ ಒಂದು ಹಾಳೆಯನ್ನು ಸಭೆಯ ಮುಂದೆ ಇಟ್ಟ ಮೇಲೆ ಪ್ರಸ್ತಾಪ ಬಿದ್ದುಹೋಯಿತು. ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ವರು ಆ ವರ್ಷದ ಬಸ್ ಖರ್ಚು ವಹಿಸಿಕೊಳ್ಳುವುದಾಗಿ ಮುಂದೆ ಬಂದರು, ಮಾತು ಉಳಿಸಿಕೊಂಡರು.

ಕೊರತೆಗಳನ್ನೂ ಹೇಳಬೇಕು. ಜರ್ಸಿಯ ಮೇಲೆ ಹಾಕಿಸಿಕೊಡುವ ನಂಬರು ಹತ್ತು ಹನ್ನೆರಡು ಒಗೆತಕ್ಕೆ ಅಂಚಿನಿಂದ ಏಳುತ್ತದೆ. ಮೂರು ಸಲ ಹೇಳಿದ್ದೇನೆ, ಅಚ್ಚು ಹಾಕುವವರು ಬೇರೆ ಎಂಬ ಉತ್ತರ ಸಾಲದು, ಏಕೆಂದರೆ ಬಿಲ್ಲು ಇವರದೇ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಚೆಂಡು ಕೊಟ್ಟರೆ ವಾಪಸ್ ಬರಲು ಹತ್ತು ದಿನ ಹಿಡಿಯುತ್ತದೆ. ಬಸ್ಸಿನಲ್ಲಿ ಪಾರ್ಸೆಲ್ ಹಾಕಿ ಎಂದರೆ ಹಾಕುವುದಿಲ್ಲ. ಸಹಿ ಇಲ್ಲದೆ ಸಾಮಾನು ಹೊರಗೆ ಹೋಗುವುದಿಲ್ಲ ಎಂಬ ಅವರ ನಿಯಮ ನ್ಯಾಯವಾದರೂ, ಮೊಳಕಾಲ್ಮುರಿನಂಥ ದೂರದ ಊರಿನವರಿಗೆ ಅದು ಒಂದು ದಿನದ ಕೆಲಸ. ಅಮಾವಾಸ್ಯೆಯಂದು ಅಂಗಡಿ ಮುಚ್ಚಿರುತ್ತದೆ. ಗೊತ್ತಿಲ್ಲದೆ ಬಂದು ಹಿಂದಿರುಗಿದವರಿದ್ದಾರೆ. ಗೋಲಿನ ಬಲೆಯಲ್ಲಿಯೂ ಎಚ್ಚರ ಬೇಕು: ಪೂರ್ತಿ ಅಳತೆಯ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಇಲ್ಲಿ ಸಿದ್ಧವಿರುವ ಬಲೆಗಳು ಅದಕ್ಕೆ ಬಿಗಿಯಾಗುತ್ತವೆ, ಅಳತೆ ಕೊಟ್ಟು ಮೊದಲೇ ಹೇಳಿ ಮಾಡಿಸಬೇಕು.

ಹುಡುಗಿಯರ ಸಾಮಾನಿನ ವಿಷಯದಲ್ಲಿ ನನ್ನ ದೂರು ಹೆಚ್ಚು ಗಟ್ಟಿಯಾದದ್ದು. ಕಳೆದ ಎರಡು ವರ್ಷಗಳಿಂದ ನಾನು ಹುಡುಗಿಯರ ತಂಡ ಕಟ್ಟುತ್ತಿದ್ದೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲದಿರುವುದರಿಂದ, ಹುಡುಗರ ತಂಡಕ್ಕೆ ತಗಲುವ 2,560 ರೂಪಾಯಿಯ ಬಸ್ ಖರ್ಚು ಹುಡುಗಿಯರ ತಂಡಕ್ಕೆ ಇಲ್ಲವೇ ಇಲ್ಲ. ಸಣ್ಣ ಕಾಲೇಜಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಸಿಗಲಾರದು, ಬೇರೆ ಕಾಲೇಜಿನ ಗೆಳೆಯರು ಇದನ್ನು ಗಮನಿಸಬೇಕು. ಆದರೆ ಈ ಅಂಗಡಿಯಲ್ಲಿ 6ಕ್ಕಿಂತ ಕಡಿಮೆ ನಂಬರಿನ ಬೂಟು ಇರುವುದಿಲ್ಲ. ನಮ್ಮ ಹದಿನಾಲ್ಕು ಹುಡುಗಿಯರಲ್ಲಿ ಒಂಬತ್ತು ಜನಕ್ಕೆ 4 ಮತ್ತು 5 ಬೇಕು. ಕಳೆದ ವರ್ಷ ಅವರು 6ನೇ ನಂಬರಿನ ಬೂಟಿನ ಮುಂದೆ ಹತ್ತಿ ತುರುಕಿ ಆಡಿದರು. ಒಬ್ಬಳ ಕಾಲಿನ ಉಗುರು ಕಿತ್ತುಬಂತು. ಆ ರಕ್ತ ಹತ್ತಿದ ಹತ್ತಿಯನ್ನು ನಾನು ಬ್ಯಾಗಿನಿಂದ ತೆಗೆದು ಮಾಲೀಕರ ಕೌಂಟರಿನ ಮೇಲೆ ಇಟ್ಟೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಸಣ್ಣ ನಂಬರು ತರಿಸಿದರೆ ಮಾರಾಟವಾಗದೆ ಉಳಿಯುತ್ತದೆ ಎಂಬುದು ಅವರ ಭಯ. ಆ ಭಯ ಸುಳ್ಳಲ್ಲ. ಅಂಗಡಿ ನಡೆಯುತ್ತಿರುವುದು ಕೇರಂ ಬೋರ್ಡ್, ಷಟಲ್ ಬ್ಯಾಟು, ಕಾಲೇಜು ದಿನಾಚರಣೆಯ ಟ್ರೋಫಿ ಮತ್ತು ಪದಕಗಳಿಂದ. ಫುಟ್‌ಬಾಲಿನಿಂದ ಅವರಿಗೆ ಸಿಗುವುದು ಅಲ್ಪ. ಕೊನೆಗೆ ಒಂಬತ್ತು ಜೊತೆಗೆ ನಾನು ಮುಂಗಡವಾಗಿ ಸಹಿ ಹಾಕಿದರೆ ತರಿಸುವುದಾಗಿ ಒಪ್ಪಿದರು. ಬಂದ ಬೂಟಿನ ಬೆಲೆ ಜೊತೆಯೊಂದಕ್ಕೆ 780 ರೂಪಾಯಿ; ಒಟ್ಟು 7,020. ನಮ್ಮ ಪುಟದಲ್ಲಿ ಈವರೆಗೆ ಬರೆದ ಅತಿ ದೊಡ್ಡ ಬಾಕಿ ಅದು.

ಅಜ್ಜನ ಕಣ್ಣು ಈಗ ಮೊದಲಿನಂತಿಲ್ಲ. ಮಧ್ಯಾಹ್ನ ನಾಲ್ಕರ ನಂತರ ಸೂಜಿ ಹಿಡಿಯುವುದಿಲ್ಲ. ಕೆಲಸ ಕಲಿಯಲು ಯಾರೂ ಬಂದಿಲ್ಲ. ಈ ದೀಪಾವಳಿಯ ರಜೆಯಲ್ಲಿ ನಮ್ಮ ತಂಡದ ಗೋಲ್‌ಕೀಪರ್, ಚಪ್ಪಲಿ ಹೊಲಿಯುವ ಮನೆತನದ ಹುಡುಗ, ನಾಲ್ಕು ದಿನ ಅವರ ಪಕ್ಕದಲ್ಲಿ ಕೂತು ಒಂದು ಚೆಂಡನ್ನು ತಾನೇ ಮುಚ್ಚಿದ. ಅಜ್ಜ ಅದನ್ನು ತಿರುಗಿಸಿ ನೋಡಿ ಎರಡು ಸಾಲು ಬಿಚ್ಚಿಸಿ ಮತ್ತೆ ಹೊಲಿಸಿದರು. ಆ ಚೆಂಡಿನಲ್ಲಿಯೇ ಈಗ ಅಭ್ಯಾಸ ನಡೆಯುತ್ತಿದೆ, ಗಾಳಿ ನಿಂತಿದೆ.

ಹೋಗುವವರು ಆಗಸ್ಟ್ ಎರಡನೆಯ ವಾರದೊಳಗೆ, ಬೆಳಿಗ್ಗೆ ಹತ್ತೂವರೆಗೆ ಹೋಗುವುದು ಒಳ್ಳೆಯದು. ದುರಸ್ತಿಯ ಚೆಂಡನ್ನು ಒರೆಸಿ, ಗಾಳಿ ತೆಗೆದು ಒಯ್ಯಿರಿ. ಕೆಸರಿನ ಚೆಂಡನ್ನು ಅಜ್ಜ ಮುಟ್ಟುವುದಿಲ್ಲ. ಕಾಲೇಜಿನ ಹೆಸರಿನಲ್ಲಿ ಖಾತೆ ತೆರೆಯಬೇಕಾದರೆ ಪ್ರಾಂಶುಪಾಲರ ಸಹಿಯ ಪತ್ರ ಬೇಕು. ನಮ್ಮ ಮೂರು ಚೆಂಡು ಸದ್ಯ ಅಲ್ಲಿಯೇ ಇವೆ, ಸೋಮವಾರ ತರಲು ಹೋಗುತ್ತಿದ್ದೇನೆ. ಬೂಟಿನ ಬಾಕಿಯಲ್ಲಿ ಮೊದಲ ಎರಡು ಸಾವಿರ ಅಂದೇ ಕೊಡಬೇಕು.